ಬಸಿಗಾಲುವೆಯ ಗಿರ್ಲು ಮೀನು

ಎಮ್ಮಿಗನೂರಿನಲ್ಲಿ ನಮ್ಮ ಗದ್ದೆಯ ಕೆಳಗೊಂದು ಬಸಿಗಾಲುವೆ ಇತ್ತು. ಕಾಲುವೆ ನೀರಾವರಿ ಬಂದ ಮೇಲೆ ಗದ್ದೆಗಳಿಂದ ಬಸಿದ ನೀರು ವರ್ಷದ ಬಹುಪಾಲು ಅದರಲ್ಲಿ ಹರಿಯುತ್ತಿತ್ತು. ದಂಡೆಯ ಕಲ್ಲುಗಳ ಸಂದಿನಲ್ಲಿ ಗಿರ್ಲು ಮೀನುಗಳಿದ್ದವು. ಬೆರಳುದ್ದದ ನುಣುಪು ಮೈ, ಬಾಯಿಯ ಸುತ್ತ ಉದ್ದ ಮೀಸೆ, ಬೆನ್ನಿನ ಮೇಲೊಂದು ಚೂಪಾದ ಮುಳ್ಳು. ಹಗಲಲ್ಲಿ ಹೊರಗೆ ಕಾಣುತ್ತಿರಲಿಲ್ಲ.

ಇದನ್ನೆಲ್ಲ ನನಗೆ ತೋರಿಸಿಕೊಟ್ಟವಳು ನಮ್ಮಲ್ಲಿ ನಾಟಿಗೆ ಬರುತ್ತಿದ್ದ ಹೆಂಗಸು. ನಾನು ಅಕ್ಕ ಎನ್ನುತ್ತಿದ್ದೆ. ಕೆಲಸ ಮುಗಿದ ಮೇಲೆ ಅವಳು ಕಲ್ಲೆತ್ತಿ, ಮುಳ್ಳು ತಪ್ಪಿಸಿ, ಸಾರಿಗಾಗುವಷ್ಟು ಹಿಡಿದೊಯ್ಯುತ್ತಿದ್ದಳು. ನಮ್ಮದು ಮೀನು ತಿನ್ನದ ಮನೆ.

“ನಿಮ್ಮ ಗದ್ದ್ಯಾಗ ವರ್ಷಕ್ಕ ಎರಡು ಬೆಳಿ ಅಲ್ರಿ ಸಾವ್ಕಾರ್ರ, ಮೂರು. ಮೂರನೇದು ನಂದು” ಎಂದು ನಗುತ್ತಿದ್ದಳು.

ಆ ವರ್ಷ ಭತ್ತಕ್ಕೆ ಹುಳ ಬಿತ್ತು. ಔಷಧ ಹೊಡೆಸಿದೆ. ಕೆಲವು ದಿನ ನೀರು ಹೊರಬಿಡಬಾರದೆಂದು ಅಂಗಡಿಯವನು ಹೇಳಿದ್ದ. ಆದರೆ ಯೂರಿಯಾ ಹಾಕುವ ಮುಂಚೆ ಗದ್ದೆಯ ನೀರು ಬಸಿಯುವುದು ನಮ್ಮ ರೂಢಿ. ಔಷಧದ ಮರುದಿನವೇ ಬದು ಕಡಿದು ನೀರು ಬಿಟ್ಟೆ. ನೀರು ಬಿಟ್ಟರೆ ಔಷಧ ದಂಡವಾಗುತ್ತದೆ ಎಂದಷ್ಟೇ ಯೋಚಿಸಿದ್ದೆ. ಮೀನು ನೆನಪಿಗೇ ಬರಲಿಲ್ಲ. ಆಮೇಲೆ ಆ ಬಸಿಗಾಲುವೆಯಲ್ಲಿ ಜೀವಂತ ಗಿರ್ಲುಗಳನ್ನು ನಾನು ಕಾಣಲಿಲ್ಲ.

ನೀರು ಬಿಟ್ಟ ಮರುದಿನ ಬೆಳಿಗ್ಗೆ ಬಸಿಗಾಲುವೆಗೆ ಹೋದಾಗ ಅಕ್ಕ ಮತ್ತು ಅವಳ ಸೊಸೆ ತೇಲಿದ ಮೀನುಗಳನ್ನು ಬುಟ್ಟಿಗೆ ತುಂಬುತ್ತಿದ್ದರು.

“ಇವತ್ತು ಕಲ್ಲೆತ್ತೋ ಕೆಲಸಿಲ್ರಿ, ತಾವ ಮ್ಯಾಲ ಬಂದಾವು!”

“ಬ್ಯಾಡ ಅಕ್ಕಾ, ನೀರು ಕೆಟ್ಟೈತಿ” ಎಂದೆ. ಅಷ್ಟೇ ಅಂದೆ.

“ನಿಮಗ ಮೀನಂದ್ರ ಎಲ್ಲಾ ಕೆಟ್ಟದ್ದ ಬಿಡ್ರಿ.”

ಸೊಸೆ ಬುಟ್ಟಿ ಹೊತ್ತು ಮನೆಗೆ ನಡೆದಳು. ಅವಳು ದಾರಿ ತಿರುಗಿ ಕಣ್ಮರೆಯಾಗುವ ತನಕ ನಾನು ನಿಂತೇ ಇದ್ದೆ. ತಪ್ಪು ನನ್ನದೆಂದು ಹೇಳದೆ ಅವರನ್ನು ತಡೆಯುವ ಮಾತೊಂದನ್ನು ಹುಡುಕುತ್ತಿದ್ದೆ. ಸಿಗಲಿಲ್ಲ. ಅಕ್ಕ ಬದುವಿನ ಹುಲ್ಲು ಕೊಯ್ದು ಮುಗಿಸಿ ಕೈ ತೊಳೆಯಲು ಬಗ್ಗಿದಾಗ ಹೇಳಿದೆ: “ಔಷಧದ ನೀರು ನಾನ ಬಿಟ್ಟೀನಿ.”

ಅವಳು ಸೀರೆ ಎತ್ತಿಕಟ್ಟಿ ಓಡಿದಳು. ನಾನು ಹಿಂದೆ ಓಡಿದೆ. ಅವಳ ಮನೆಯಲ್ಲಿ ಮೀನು ಹೆಚ್ಚಿ ತೊಳೆದಾಗಿತ್ತು. ಒಲೆಯ ಮೇಲೆ ಗಡಿಗೆ ಇತ್ತು. ಅಕ್ಕ ಎಲ್ಲವನ್ನೂ ತಿಪ್ಪೆಗೆ ಸುರಿದು ನನ್ನ ಕಡೆ ತಿರುಗಿದಳು.

“ಮೊದಲ ಹೇಳಾಕ ಬಾಯಾಗ ಏನಿಟ್ಕೊಂಡಿದ್ದಿಲೇ?”

ಯಾರೂ ತಿಂದಿರಲಿಲ್ಲ. ನಾನು ಹೇಳಿದ್ದರಿಂದ ಉಳಿದರೆಂದು ಈಗಲೂ ಅನ್ನಲಾರೆ. ಸೊಸೆ ಇನ್ನೂ ಮಸಾಲೆ ಅರೆಯುತ್ತಿದ್ದಳು, ಅಷ್ಟೇ.