ನಾಗವೇಣಿ ಮಾಡಿಕೊಂಡ ಹತಾರಗಳು

ರಾಯದುರ್ಗದಲ್ಲಿ ಜೀನ್ಸ್ ಹೊಲಿಯುವ ಮನೆಗಳಿಗೆ ಲೆಕ್ಕವಿಲ್ಲ. ಮಿಷನ್ ನಿಂತರೆ ಆ ಮನೆಗಳವರು ಫೋನ್ ಮಾಡುವುದು ನಾಗವೇಣಿಗೆ. ವಯಸ್ಸು ನಲವತ್ತೇಳು. ಗಂಡ ಈಶ್ವರಯ್ಯ ಕಟಿಂಗ್ ಮಾಸ್ಟರ್. ಮದುವೆಯಾಗಿ ಮಡಕಶಿರದಿಂದ ಬಂದ ಹೊಸದರಲ್ಲಿ ಅವಳೂ ಪ್ಯಾಂಟಿಗೆ ಕಾಜಾ ಹೊಲಿಯುತ್ತಿದ್ದಳು. ಒಮ್ಮೆ ಮಿಷನ್ ಕೆಟ್ಟು, ರಿಪೇರಿಯವನು ಇವತ್ತು ಬರುತ್ತೇನೆ ನಾಳೆ ಬರುತ್ತೇನೆ ಎಂದು ನಾಲ್ಕು ದಿನ ತಳ್ಳಿದಾಗ, ಸಿಟ್ಟಿಗೆದ್ದು ತಾನೇ ಬಿಚ್ಚಿದಳು. ಆಮೇಲೆ ಆ ರಿಪೇರಿಯವನನ್ನು ಯಾರೂ ಕರೆಯಲಿಲ್ಲ.

ಅವಳು ಓಡಾಡುವುದು ಅಪ್ಪನ ಹಳೆಯ ಮೋಟರ್‌ಸೈಕಲ್ಲಿನಲ್ಲಿ. ಎರಡು ಸೈಲೆನ್ಸರಿನ ಗಾಡಿ. ಕಿಕ್ ಹೊಡೆದ ಮೇಲೆ ಅದೇ ಕಡ್ಡಿಯನ್ನು ಮುಂದಕ್ಕೆ ಮಡಚಿದರೆ ಗೇರ್ ಆಗುತ್ತದೆ. ಅಪ್ಪ ಅದರ ಮೇಲೆ ರೇಷ್ಮೆಗೂಡಿನ ಮೂಟೆ ಕಟ್ಟಿಕೊಂಡು ಮಡಕಶಿರದಿಂದ ಹಿಂದೂಪುರದ ಮಾರ್ಕೆಟ್ಟಿಗೆ ಹೋಗುತ್ತಿದ್ದ. ಮಗಳಿಗೆ ಓಡಿಸಲು ಕಲಿಸಿದವನೂ ಅವನೇ.

ಅಪ್ಪ ತೀರಿಕೊಂಡ ಮೇಲೆ ಪಾಲಿನ ಪಂಚಾಯ್ತಿ ನಡೆಯಿತು. ಹೊಲ, ಬೋರು, ಮನೆ ಎಲ್ಲ ಅಣ್ಣ ರಾಮಾಂಜಿಯ ಹೆಸರಿಗೆ ಬರೆದಾಯಿತು. ಕೂತವರಲ್ಲಿ ಒಬ್ಬರು, ಹೆಣ್ಣುಮಗಳಿಗೆ ಏನು ಎಂದು ಕೇಳಿದರು. ರಾಮಾಂಜಿ ಕೊಟ್ಟಿಗೆಯ ಕಡೆ ಕೈ ತೋರಿಸಿ ನಕ್ಕ.

"ಅಪ್ಪನ ಗಾಡಿ ಐತಲ್ಲ, ತಗಂಡೋಗ್ಲಿ."

ಕೂತವರೂ ನಕ್ಕರು. ನಾಗವೇಣಿ ನಗಲಿಲ್ಲ.

"ತಗಂಡೋಯ್ತೀನಿ. ಎಲ್ಲಾರೂ ಕೇಳಿಸ್ಕಂಡ್ರಲ್ಲ?" ಎಂದಳು. ಮಾರನೆಯ ದಿನವೇ ಗಾಡಿಯನ್ನು ಗೂಡ್ಸ್ ಆಟೋದ ಮೇಲೆ ಹತ್ತಿಸಿ ರಾಯದುರ್ಗಕ್ಕೆ ತಂದಳು.

ಎಂಟು ವರ್ಷ ಅದು ಅವಳನ್ನು ಕೈಬಿಡಲಿಲ್ಲ. ಹೋದ ವರ್ಷ ಮಾತ್ರ, ಹಿಂದೆ ಮಿಷನ್ನಿನ ತಲೆ ಕಟ್ಟಿಕೊಂಡು ಬೆಳುಗುಪ್ಪದಿಂದ ಬರುವಾಗ, ಏರಿನಲ್ಲಿ ಎಂಜಿನ್ ಕೂಗತೊಡಗಿತು. ಎಷ್ಟು ಆಕ್ಸಿಲರೇಟರ್ ಕೊಟ್ಟರೂ ಗಾಡಿ ಮುಂದಕ್ಕೆ ಹೋಗದು. ಇಳಿದು ತಳ್ಳಿಕೊಂಡು ಏರು ಹತ್ತಿಸಿ, ಹೇಗೋ ಊರು ಸೇರಿ, ಮೆಕ್ಯಾನಿಕ್ ಎರ್ರಪ್ಪನ ಶೆಡ್ಡಿನ ಮುಂದೆ ನಿಲ್ಲಿಸಿದಳು. ಹಳೆಯ ಗಾಡಿಗಳ ಗುರುತಿದ್ದವನು ಊರಲ್ಲಿ ಅವನೊಬ್ಬನೇ.

ಎರ್ರಪ್ಪ ಬದಿಯ ಮುಚ್ಚಳ ಬಿಚ್ಚಿ ನೋಡಿ ತಲೆಯಾಡಿಸಿದ.

"ಕ್ಲಚ್ ಹೋಗೈತ್ರಿ ಅಕ್ಕಾರೆ. ಪ್ಲೇಟಿನ ಬೆಂಡು ಸುಟ್ಟಾವು. ಒಳಗಿನ ಹಬ್ಬೂ ತಿಂದೈತಿ. ಅದನ್ನ ಬಿಚ್ಚಾಕ ಕಂಪನಿ ಪಾನಾನ ಬ್ಯಾರೆ ಇತ್ತು. ಈಗ ಎಲ್ಲೂ ಸಿಗಂಗಿಲ್ರಿ."

"ಮತ್ತ ನೀವು ಹೆಂಗ ಬಿಚ್ತೀರಿ?"

"ಉಳಿ ಇಟ್ಟು ಸುತ್ತಿಗಿಲೆ ಹೊಡಿಯಾದು. ಬಂದ್ರ ಬಂತು. ಒಡದ್ರ ನನ್ನ ಕೇಳಬ್ಯಾಡ್ರಿ."

ನಾಗವೇಣಿ ಬಗ್ಗಿ ನೋಡಿದಳು. ಬೆಂಡು ಎಂದರೆ ಪ್ಲೇಟುಗಳು ಜಾರದಂತೆ ಹಿಡಿಯುವ ಕಾರ್ಕಿನ ತುಂಡುಗಳು, ಹಬ್ ಎಂದರೆ ಪ್ಲೇಟುಗಳನ್ನು ಹೊತ್ತು ತಿರುಗುವ ನಡುವಿನ ಗಾಲಿ. ಅದನ್ನು ಹಿಡಿದಿರುವ ನಟ್ಟು ದುಂಡಗಿತ್ತು, ಅಂಚಿನಲ್ಲಿ ನಾಲ್ಕು ಕಚ್ಚು. ಹಿಂದೆ ಯಾರೋ ಉಳಿ ಇಟ್ಟು ಹೊಡೆದದ್ದಕ್ಕೆ ಒಂದು ಕಚ್ಚು ಆಗಲೇ ಹರಿದಿತ್ತು. ಕೂದಲೆಳೆಯಷ್ಟು ಆಚೀಚೆಯಾದರೆ ಹೊಲಿಗೆ ತಪ್ಪುವ ಮಿಷನ್ನುಗಳಲ್ಲಿ ಇಪ್ಪತ್ತು ವರ್ಷ ಕೈಯಾಡಿಸಿದವಳು ಅವಳು. ಆ ಗಾಯ ನೋಡಿ ಮೈ ಉರಿದುಹೋಯಿತು.

"ಸುತ್ತಿಗಿ ಮುಟ್ಟಿಸಬ್ಯಾಡ್ರಿ ಎರ್ರಪ್ಪಣ್ಣ."

"ಹಂಗಾದ್ರ ಗುಜರಿಗೆ ಹಾಕ್ರಿ. ಇಲ್ಲದ ಪಾನಾ ನಾ ಎಲ್ಲಿಂದ ತರ್ಲಿ?"

"ಇಲ್ಲಂದ್ರ ಮಾಡಾದು. ಮೊದ್ಲಿಗೂ ಅದನ್ನ ಯಾರೋ ಒಬ್ರು ಮಾಡಿದ್ದ ಅಲ್ಲೇನ್ರಿ?"

ಗಾಡಿಯನ್ನು ಮನೆಗೆ ತಳ್ಳಿಕೊಂಡು ಹೋದಳು.

ಮೊದಲು ನಟ್ಟಿನ ಅಳತೆ ಬೇಕಿತ್ತು. ಪ್ಯಾಟರ್ನ್ ಕತ್ತರಿಸುವ ತೆಳು ಕಾಗದವನ್ನು ನಟ್ಟಿನ ಮೇಲಿಟ್ಟು, ಗಂಡನ ಮಾರ್ಕಿಂಗ್ ಚಾಕಿನಿಂದ ಉಜ್ಜಿದಳು. ನಾಲ್ಕು ಕಚ್ಚೂ ಸ್ಪಷ್ಟವಾಗಿ ಮೂಡಿದವು. ಅದೇ ಅಗಲದ ಕಬ್ಬಿಣದ ಪೈಪಿನ ತುಂಡು ಹುಡುಕಿ, ಬಾಯಿಯನ್ನು ಅರದಿಂದ ಉಜ್ಜಿ ನಾಲ್ಕು ಹಲ್ಲು ಬಿಡಿಸಿದಳು. ಎರಡು ಮಧ್ಯಾಹ್ನದ ಕೆಲಸ. ನಟ್ಟಿಗೆ ಕೂಡಿಸಿ ತಿರುಗಿಸಿದರೆ ಹಬ್ಬೇ ಸುತ್ತಿಕೊಂಡು ತಿರುಗಿತು. ಹಾಗಾದರೆ ಹಬ್ಬನ್ನು ಹಿಡಿಯಲು ಇನ್ನೊಂದು ಹತಾರ ಬೇಕು. ಕ್ಲಚ್ಚಿನದೇ ಸವೆದ ಉಕ್ಕಿನ ಪ್ಲೇಟು ಒಂದಕ್ಕೆ ಮೊಳದುದ್ದದ ಪಟ್ಟಿ ವೆಲ್ಡಿಂಗ್ ಮಾಡಿಸಿದಳು. ಪ್ಲೇಟಿನ ಹಲ್ಲು ಹಬ್ಬಿನ ಮೈಮೇಲಿನ ಸೀಳುಗಳಲ್ಲಿ ಕೂರುತ್ತದೆ, ಪಟ್ಟಿಯನ್ನು ಈಶ್ವರಯ್ಯ ಕಾಲಲ್ಲಿ ಒತ್ತಿ ಹಿಡಿಯುತ್ತಾನೆ. ಈಗ ಹಬ್ ಅಲ್ಲಾಡಲಿಲ್ಲ. ಆದರೆ ಅವಳು ಭಾರ ಬಿಟ್ಟು ಎಳೆದಾಗ ಪೈಪಿನ ಹಲ್ಲುಗಳೇ ಮಡಚಿಕೊಂಡವು.

"ಸಾಕು ಬಿಡು, ಎರ್ರಪ್ಪ ಹೇಳಿದ್ದು ಖರೇ ಐತಿ," ಎಂದ ಈಶ್ವರಯ್ಯ.

"ಪೈಪು ಮೆತ್ತಗಾತು ಅಷ್ಟೆ," ಎಂದು ದಪ್ಪ ಪೈಪು ತಂದು ಮತ್ತೆ ಅರ ಹಿಡಿದಳು. ಹಲ್ಲು ಬಿಡಿಸುತ್ತಲೇ ಕಣ್ಣು ನಟ್ಟಿನಿಂದ ಹೊರಬಂದಿದ್ದ ಶಾಫ್ಟಿನ ತುದಿಯ ಮೇಲೆ ಬಿತ್ತು. ಅದರ ಥ್ರೆಡ್ಡಿನ ಸುತ್ತುಗಳು ಎಲ್ಲ ಬೋಲ್ಟಿನಂತೆ ಇರದೆ ಎದುರು ದಿಕ್ಕಿಗೆ ವಾಲಿದ್ದವು. ಓವರ್‌ಲಾಕ್ ಮಿಷನ್ನಿನಲ್ಲೂ ಅಂಥ ಸ್ಕ್ರೂ ಒಂದೆರಡು ಇರುತ್ತವೆ. ಇಷ್ಟು ದಿನ ಅವಳು ಬಿಚ್ಚುತ್ತಿರಲಿಲ್ಲ, ಬಿಗಿ ಮಾಡುತ್ತಿದ್ದಳು! ತನ್ನನ್ನೇ ಬೈದುಕೊಂಡು, ಹಲ್ಲು ಮುಗಿದ ಮೇಲೆ ಹೊಸ ಪೈಪನ್ನು ನಟ್ಟಿಗೆ ಕೂಡಿಸಿ ಬಲಕ್ಕೆ ತಿರುಗಿಸಿದಳು. ನಟ್ಟು ಟಕ್ ಎಂದು ಸಡಿಲಾಯಿತು. ಈಶ್ವರಯ್ಯನ ಕಾಲು ಜಾರಿ ಇಬ್ಬರೂ ಬಿದ್ದರು.

ಶಾಫ್ಟಿಗೆ ಕಚ್ಚಿಕೊಂಡಿದ್ದ ಹಬ್ಬನ್ನು ಎಳೆಯಲು ದಪ್ಪ ಪಟ್ಟಿಗೆ ಮೂರು ತೂತು ಹಾಕಿಸಿದಳು. ಅಕ್ಕಪಕ್ಕದ ಬೋಲ್ಟುಗಳು ಹಬ್ಬನ್ನು ಹಿಡಿದರೆ ನಡುವಿನದು ಶಾಫ್ಟನ್ನು ಒತ್ತುತ್ತದೆ. ಹಬ್ ಈಚೆ ಬಂತು, ಸುತ್ತಿಗೆ ಸೋಂಕದೆ.

ಇನ್ನು ಪ್ಲೇಟಿನ ಬೆಂಡು. ಊರಿನ ಹೊಲಿಗೆ ಮಿಷನ್ನುಗಳಿಗೆಲ್ಲ ಸರ್ವೋ ಮೋಟರ್ ಬಂದ ಮೇಲೆ ಹಳೆಯ ಕ್ಲಚ್ ಮೋಟರುಗಳನ್ನು ಎಲ್ಲರೂ ಮೂಲೆಗೆ ಎಸೆದಿದ್ದರು. ಅವುಗಳೊಳಗೂ ದುಂಡನೆಯ ಬೆಂಡು ಇರುತ್ತದೆ. ಎಂಟು ಮೋಟರ್ ಒಡೆದು, ಬೆಂಡನ್ನು ತುಂಡು ಮಾಡಿ, ಬಿಸಿನೀರಿನಲ್ಲಿ ನೆನೆಸಿ, ಪ್ಲೇಟಿನ ತೂತುಗಳಿಗೆ ಒತ್ತಿ ಕೂರಿಸತೊಡಗಿದಳು.

ಅದೆಲ್ಲ ಪೇಪರಿನ ಮೇಲೆ ಹರಡಿಕೊಂಡಿದ್ದಾಗಲೇ ರಾಮಾಂಜಿ ಬಂದ. ಹಳೆಯ ಗಾಡಿ ಸೇರಿಸುವ ಬೆಂಗಳೂರಿನವರೊಬ್ಬರಿಗೆ ಅಪ್ಪನ ಗಾಡಿ ಕೊಡಿಸುತ್ತೇನೆಂದು ಅವನು ಮಾತು ಕೊಟ್ಟಿದ್ದ. ಹೊರಗೆ ಗೂಡ್ಸ್ ಆಟೋ ನಿಂತಿತ್ತು.

"ಬಿಚ್ಚಿ ಆಕಿದೀಯ, ಇನ್ನ ಕೂಡಿಸಾಕಾಯ್ತದಾ ನಿನ್ ಕೈಲಿ? ಕೊಟ್ಬುಡು, ಅವರು ಸರಿ ಮಾಡಿಸ್ಕಂತಾರೆ."

"ನನ್ನ ಪಾಲಿಂದು ಕೇಳಾಕೆ ನೀನ್ಯಾರಣ್ಣ?"

"ಆರ್‌ಸಿ ಇನ್ನೂ ಅಪ್ಪನ ಎಸ್ರಲ್ಲೇ ಐತೆ. ವಾರಸುದಾರರು ಸೈ ಆಕ್ದೆ ನಿಂದಾಗಾಕಿಲ್ಲ, ತಿಳ್ಕ."

ಆ ಮಾತು ನಿಜವಾಗಿತ್ತು. ನಾಗವೇಣಿ ಕೈಯಲ್ಲಿದ್ದ ಬೆಂಡನ್ನು ಪ್ಲೇಟಿನ ತೂತಿಗೆ ಒತ್ತಿ ಕೂರಿಸಿದಳು.

"ಸರಿ. ಸೈಗೆ ನಾನೇ ಬತ್ತೀನಿ. ಬಸ್ನಾಗಲ್ಲ, ಇದ್ರಾಗೇ ಬತ್ತೀನಿ. ಈಗ ಕಾಫಿ ಕುಡ್ದು ಹೊರಡು."

ಅವನು ಕಾಫಿ ಕುಡಿಯಲಿಲ್ಲ. ಆಟೋ ಖಾಲಿಯೇ ಹೋಯಿತು.

ತಿಂದುಹೋದ ಹಬ್ಬನ್ನು ಅರ ಹಾಕಿ ಸಮ ಮಾಡಿ, ಎಲ್ಲ ಕೂಡಿಸಿದ ದಿನ ಗಾಡಿ ಗೇರಿಗೆ ಬಿದ್ದದ್ದೇ ತಡ ಮುಂದಕ್ಕೆ ನೆಗೆದು ಗೋಡೆಗೆ ಗುದ್ದಿತು. ಬೆಂಡು ದಪ್ಪವಾಗಿತ್ತು, ಕ್ಲಚ್ ಬಿಡುತ್ತಿರಲಿಲ್ಲ. ಅಳು ಬರುವಂತಾಯಿತು. ಆದರೆ ಎರಡನೆಯ ಸಲ ಬಿಚ್ಚಲು ಅರ್ಧ ಗಂಟೆಯೂ ಹಿಡಿಯಲಿಲ್ಲ. ಹತಾರಗಳು ಕೈಯಲ್ಲೇ ಇದ್ದವಲ್ಲ. ಗಾಜಿನ ಮೇಲೆ ಉಪ್ಪುಕಾಗದ ಹಾಸಿ ಬೆಂಡು ತೇಯ್ದಳು. ಮೂರನೆಯ ಸಲಕ್ಕೆ ಸರಿಹೋಯಿತು.

ಮುಂದಿನ ಸೋಮವಾರ ಬೆಳಗ್ಗೆ ಹೊರಟು ಕಲ್ಯಾಣದುರ್ಗ, ಪಾವಗಡ ದಾಟಿ ಮಡಕಶಿರ ಸೇರಿದಳು. ದಾರಿಯ ಒಂದು ಏರಿನಲ್ಲೂ ಎಂಜಿನ್ ಸುಮ್ಮನೆ ಕೂಗಲಿಲ್ಲ. ಗಾಡಿಯ ಸದ್ದಿಗೆ ಅವ್ವ ಈರಕ್ಕ ಬಾಗಿಲಿಗೆ ಬಂದು ನಿಂತಳು. ಹಿಂದೆ ರಾಮಾಂಜಿ. ನಾಗವೇಣಿ ಚೀಲದಿಂದ ಫಾರಂ ತೆಗೆದು ಜಗಲಿಯ ಮೇಲಿಟ್ಟಳು.

"ಅವರಿಗೆ ಮಾತು ಕೊಟ್ಟಿದೀನಿ ಕಣೇ," ಎಂದ ರಾಮಾಂಜಿ.

"ಅದ್ಕಿಂತ ಮುಂಚೆ ಪಂಚಾಯ್ತೀಲಿ ಕೊಟ್ಟಿದ್ದು ಮಾತಲ್ವಾ? ಒಲ ಕೇಳ್ದೆನಾ? ಮನೆ ಕೇಳ್ದೆನಾ? ನೀನು ನಗ್ತಾ ಕೊಟ್ಟೆ. ನಾನು ನಗ್ದೆ ಈಸ್ಕಂಡೆ. ಸೈ ಆಕು."

ಅವನು ಕದಲಲಿಲ್ಲ. ಈರಕ್ಕ ಸೀರೆಯ ಸೆರಗಿಗೆ ಕೈ ಒರೆಸಿಕೊಂಡು ಬಂದು ಕೂತಳು.

"ಎಲ್ಲಿ ಒತ್ತಬೇಕು ತೋರ್ಸು," ಎಂದು ಮಗಳಿಗೆ ಹೆಬ್ಬೆಟ್ಟು ನೀಡಿದಳು. ಒತ್ತಿದ ಮೇಲೆ ಫಾರಮ್ಮನ್ನು ಮಗನ ಕಡೆ ತಳ್ಳಿ, "ಇನ್ನು ನಿಂದು," ಎಂದಳು. ರಾಮಾಂಜಿ ಸ್ವಲ್ಪ ಹೊತ್ತು ಪೆನ್ನು ತಿರುಗಿಸುತ್ತ ನಿಂತು, ಕೊನೆಗೆ ಸಹಿ ಹಾಕಿದ.

ಊಟವಾದ ಮೇಲೆ ಅವನು ಗಾಡಿಯ ಸುತ್ತ ಸುತ್ತಿದ. ಕ್ಲಚ್ಚಿನ ಹಿಡಿ ಒತ್ತಿ ಬಿಟ್ಟ.

"ಅಪ್ಪನ ಕಾಲ್ದಾಗೂ ಇಷ್ಟು ಮೆತ್ತಗಿರ್ಲಿಲ್ಲ. ಒಂದ್ ರೌಂಡ್ ಕೊಡು, ಬಸ್‌ಸ್ಟ್ಯಾಂಡ್‌ಗಂಟ ಓಗ್ಬತ್ತೀನಿ."

ನಾಗವೇಣಿ ಕಿಕ್ ಹೊಡೆದು ಗಾಡಿ ಏರಿದಳು.

"ಕಾಗದ ನನ್ನ ಎಸ್ರಿಗೆ ಬರ್ಲಿ ಅಣ್ಣ. ಆಮ್ಯಾಕೆ ಕೇಳು, ಯೋಚ್ನೆ ಮಾಡ್ತೀನಿ," ಎಂದು ಗೇರ್ ಹಾಕಿ ಪಾವಗಡದ ರಸ್ತೆಗೆ ತಿರುಗಿಸಿದಳು.