ರಿಯಾಯಿತಿ ಮಾಮನ ಹೆಸರಿನ ವ್ಯಾಪಾರ

ಆ ಬೀದಿಯಲ್ಲಿ ಅವನ ನಿಜವಾದ ಹೆಸರು ಅಂಚೆಯವನೊಬ್ಬನಿಗೆ ಬಿಟ್ಟರೆ ಬೇರೆ ಯಾರಿಗೂ ಗೊತ್ತಿರಲಿಲ್ಲ. ಚಿಕ್ಕವರು ದೊಡ್ಡವರೆನ್ನದೆ ಎಲ್ಲರೂ ಅವನನ್ನು ರಿಯಾಯಿತಿ ಮಾಮ ಎನ್ನುತ್ತಿದ್ದರು. ಆ ಹೆಸರು ಪುಕ್ಕಟೆ ಬಂದದ್ದಲ್ಲ. ಕನ್ನಡಕದಂಗಡಿಯಲ್ಲಿ ವರ್ಷಗಟ್ಟಲೆ ನಿಂತು ದುಡಿದು ಸಂಪಾದಿಸಿದ್ದು.

ಹೊಸ ಕನ್ನಡಕ ಮೂಗಿಗೇರಿಸಿ ಕನ್ನಡಿ ನೋಡಿಕೊಂಡವರು ಯಾರೇ ಆಗಲಿ, ಮೊದಲು ಒಂದು ಸಲ ಹುಬ್ಬು ಗಂಟಿಕ್ಕುತ್ತಾರೆ. ಅದು ಕಣ್ಣಿಗೂ ಮೂಗಿಗೂ ಸೇರಿದ ವಿಷಯ. ಮಾಮನಿಗೆ ಮಾತ್ರ ಅದು ಬೆಲೆಗೆ ಸೇರಿದ್ದೆಂದು ಕಾಣುತ್ತಿತ್ತು. ಗಿರಾಕಿ ಎಷ್ಟೆಂದು ಕೇಳುವ ಮೊದಲೇ ಅವನು ನೂರು ಇಳಿಸಿರುತ್ತಿದ್ದ. ಗಿರಾಕಿ ಅಚ್ಚರಿಯಿಂದ ತಿರುಗಿ ನೋಡಿದರೆ, ಅದನ್ನೂ ಕೋಪವೆಂದು ತಿಳಿದು ಇನ್ನೈವತ್ತು ಇಳಿಸುತ್ತಿದ್ದ. ಕೊನೆಗೊಂದು ದಿನ ಅಂಗಡಿಯ ಯಜಮಾನರು ಅವನ ಹೆಗಲ ಮೇಲೆ ಕೈಯಿಟ್ಟು, "ನಿನ್ನಂಥ ಒಳ್ಳೆಯವನು ಎದುರಂಗಡೀಲಿ ಕೆಲಸಕ್ಕಿರ್ಬೇಕಪ್ಪ" ಎಂದರು. ಆ ಮಾತಿನ ಅರ್ಥ ಮನೆಗೆ ಬಂದು ಹೆಂಡತಿಗೆ ಹೇಳಿದ ಮೇಲೆ ಅವನಿಗೆ ತಿಳಿಯಿತು.

ಹಾಗೆ ಕೆಲಸ ಬಿಟ್ಟವನು ಹಿಡಿದದ್ದು ಡೊಮೇನ್ ಹೆಸರುಗಳ ವ್ಯಾಪಾರ. ಅಂತರ್ಜಾಲದಲ್ಲಿ ಅಂಗಡಿ ತೆರೆಯುವವರಿಗೆ ಒಂದು ವಿಳಾಸ ಬೇಕು. ಒಂದು ವಿಳಾಸ ಒಬ್ಬರಿಗೆ ಮಾತ್ರ. ಮೊದಲು ಹೋಗಿ ವರ್ಷದ ಶುಲ್ಕ ಕಟ್ಟಿದವರ ಪಾಲಿಗೆ ಅದು. ಮುಂದೆ ಯಾರಿಗೆ ಯಾವ ಹೆಸರು ಬೇಕಾಗಬಹುದೆಂದು ಊಹಿಸಿ, ಮೊದಲೇ ಹಿಡಿದಿಟ್ಟುಕೊಂಡು, ಬೇಕಾದವರು ಬಂದಾಗ ಮಾರುವುದು. ಇದರಲ್ಲಿ ಗಿರಾಕಿಯ ಮುಖ ನೋಡಬೇಕಾಗಿಲ್ಲ ಎಂಬುದೇ ಮಾಮನಿಗೆ ದೊಡ್ಡ ಆಕರ್ಷಣೆ. ಮನೆಯ ಮಹಡಿಯ ಮೇಲಿನ ಒಂದೇ ಒಂದು ಕೋಣೆಯಲ್ಲಿ ಮೇಜು, ಕಂಪ್ಯೂಟರು, ಒಂದು ಕುರ್ಚಿ ಹಾಕಿಕೊಂಡು ಕುಳಿತ.

ಹೆಸರು ಹುಡುಕುವುದರಲ್ಲಿ ಅವನ ಕೈ ಪಳಗಿತ್ತು, ಸುಳ್ಳು ಹೇಳಬಾರದು. ಚಿಕ್ಕದಾಗಿರಬೇಕು, ಒಮ್ಮೆ ಕೇಳಿದರೆ ನೆನಪಿರಬೇಕು, ಫೋನಿನಲ್ಲಿ ಹೇಳಿದರೆ ಎರಡು ಸಲ ಕೇಳಿಸಿಕೊಳ್ಳುವಂತಿರಬಾರದು. ಹುಡುಕುವುದೆಲ್ಲ ಬಂಗಾರ, ಮಾರುವುದು ಮಾತ್ರ ಬೂದಿ. ಮುಖ ಕಾಣದಿದ್ದರೆ ಏನಾಯಿತು, ಮೌನ ಇರುತ್ತದಲ್ಲ.

ಛತ್ರಿ ವ್ಯಾಪಾರಿಯೊಬ್ಬನ ಕಥೆ ಹೀಗಾಯಿತು. ಅವನು ಒಂದು ಹೆಸರಿಗೆ ಬೆಲೆ ಕೇಳಿ ಮೇಲ್ ಬರೆದ. ಮಾಮ ಬೆಳಿಗ್ಗೆ ಬೆಲೆ ಬರೆದು ಕಳಿಸಿದ. ಮಧ್ಯಾಹ್ನದವರೆಗೂ ಉತ್ತರವಿಲ್ಲ. ಹೆಚ್ಚಾಯಿತೇನೋ ಎಂದು ಹೆದರಿ, ಹೊಸ ಗಿರಾಕಿಗಳಿಗೆ ವಿಶೇಷ ಎಂದು ಇಳಿಸಿ ಇನ್ನೊಂದು ಬರೆದ. ಮರುದಿನ, ಮಳೆಗಾಲ ಹತ್ತಿರ ಬಂದಿರುವುದರಿಂದ ಎಂದು ಮತ್ತೆ ಇಳಿಸಿದ. ಅದರ ಮಾರನೆಯ ದಿನ ಕಾರಣಗಳೂ ಮುಗಿದಿದ್ದವು. ಬರೀ ಸಂಖ್ಯೆಯೊಂದೇ ಹೋಯಿತು. ಛತ್ರಿಯವನು ತಂಗಿಯ ಮದುವೆಗೆಂದು ಬೇರೆ ಊರಿಗೆ ಹೋಗಿದ್ದ. ಬಂದು ನೋಡಿದರೆ ಸಾಲಾಗಿ ಮೇಲ್‌ಗಳು, ಒಂದಕ್ಕಿಂತ ಒಂದು ಅಗ್ಗ. ಆತ ಪ್ರಾಮಾಣಿಕ ಮನುಷ್ಯ. ಕೊನೆಯ ಬೆಲೆಗೇ ಕೊಂಡು ಫೋನಿನಲ್ಲಿ ಹೇಳಿದ: "ನಾನು ಇನ್ನೆರಡು ದಿನ ಅಲ್ಲೇ ಉಳ್ಕೊಂಡಿದ್ರೆ ನೀವೇ ನಂಗೆ ದುಡ್ಡು ಕೊಡ್ತಿದ್ರೇನೋ."

ಮಾಮ ಇದನ್ನು ಊಟದ ಹೊತ್ತಿನಲ್ಲಿ ತಮಾಷೆಯೆಂದು ಹೇಳಿದ. ಅವನೊಬ್ಬನೇ ನಕ್ಕ.

ಹೆಂಡತಿ ಕೆಳಗಿನ ಹಜಾರದಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದಳು. ಆ ವರ್ಷ ಶಾಲೆಯೊಂದರ ಸಮವಸ್ತ್ರದ ಕೆಲಸ ಸಿಕ್ಕಿತ್ತು. ಇನ್ನೆರಡು ಯಂತ್ರ ಹಾಕಬೇಕು, ಕೆಳಗೆ ಕಾಲಿಡಲು ಜಾಗವಿಲ್ಲ. ಮೇಲಿನ ಕೋಣೆ ಒಂದೇ ದಾರಿ. ಅವಳು ಜಗಳವಾಡುವವಳಲ್ಲ, ಎರಡು ಸಲ ಅಳೆದು ಒಂದು ಸಲ ಕತ್ತರಿಸುವ ಕೈ ಅವಳದು. ತಟ್ಟೆ ತೆಗೆದಿಟ್ಟು ಬಂದು ಎದುರು ಕೂತಳು.

"ನೋಡಿ, ಇನ್ನೊಂದೇ ಒಂದು ಹೆಸರು ಮಾರಿ. ಎಷ್ಟಕ್ಕಾದ್ರೂ ಮಾರಿ, ನಾನು ಕೇಳಲ್ಲ. ಆದ್ರೆ ನೀವು ಹೇಳಿದ ಬೆಲೇನ ನೀವೇ ಇಳಿಸ್ಬಾರ್ದು. ಅವ್ರು ಚೌಕಾಸಿ ಮಾಡಿ ಇಳಿಸಿದ್ರೆ ಅದು ವ್ಯಾಪಾರ. ಕೇಳೋಕ್ಕೆ ಮುಂಚೆ ನೀವೇ ಇಳಿಸಿದ್ರೆ ಅದು ಕಾಯಿಲೆ."

"ಇಳಿಸ್ಬಿಟ್ರೆ?"

"ಮೇಜು ಕೆಳಗಿಳಿಸಿ. ನೀವು ಕಾಜಾ ಹೊಲಿಯೋದು ಕಲ್ತ್ಕೊಳ್ಳಿ."

ಮಾಮನಿಗೆ ಗುಂಡಿ, ಕಾಜಾಗಳ ಮೇಲೆ ದ್ವೇಷವೇನೂ ಇರಲಿಲ್ಲ. ಆದರೆ ಆ ಮೇಜಿನ ಮುಂದೆ ಕೂತು, ಯಾರಿಗೂ ಹೊಳೆಯದ ಎರಡು ಪದಗಳನ್ನು ಪಕ್ಕಪಕ್ಕ ಇಟ್ಟು ನೋಡುವಾಗ ಸಿಗುವ ಸುಖ ಅವನಿಗೆ ಬದುಕಿನಲ್ಲಿ ಬೇರೆಲ್ಲೂ ಸಿಕ್ಕಿರಲಿಲ್ಲ. ಅದು ಹೋಯಿತೆಂದರೆ ತಾನು ಬರೀ ರಿಯಾಯಿತಿ ಎಂದು ಅವನಿಗೆ ಅನ್ನಿಸಿತು. ಒಪ್ಪಿಕೊಂಡ.

ಅವನ ಬಳಿಯಿದ್ದ ಹೆಸರುಗಳಲ್ಲೆಲ್ಲ ರತ್ನವೆಂದರೆ 'ಒಳ್ಳೆನಿದ್ದೆ'. ಸ್ವಲ್ಪ ದಿನಕ್ಕೆ ಹಾಸಿಗೆ ಕಾರ್ಖಾನೆಯ ಸಾಹುಕಾರರೊಬ್ಬರು ಅದಕ್ಕಾಗಿ ಫೋನ್ ಮಾಡಿದರು. ನೋಡದೆ ಏನನ್ನೂ ಕೊಳ್ಳುವ ಅಭ್ಯಾಸ ತಮಗಿಲ್ಲ, ವಾರದೊಳಗೆ ಖುದ್ದಾಗಿ ಬರುತ್ತೇನೆ ಎಂದರು. ಹೆಸರಿನಲ್ಲಿ ನೋಡಲು ಏನೂ ಇಲ್ಲ ಎಂದು ಹೇಳಲು ಮಾಮನಿಗೆ ಧೈರ್ಯ ಸಾಲಲಿಲ್ಲ.

ಬೆಲೆ ಕಟ್ಟುವ ಕೆಲಸ ಶುರುವಾಯಿತು. ಇಂಥ ಹೆಸರುಗಳು ಬೇರೆ ಕಡೆ ಎಷ್ಟಕ್ಕೆ ಹೋಗಿವೆ ಎಂದು ಮಾಮ ಹುಡುಕಿ ಹುಡುಕಿ ನೋಡಿದ. ಹಾಸಿಗೆ, ದಿಂಬು, ಮಂಚ, ಹೊದಿಕೆ ಮಾಡುವವರು ಎಷ್ಟು ಜನ, ಅವರಲ್ಲಿ ಎಷ್ಟು ಜನಕ್ಕೆ ಈ ಹೆಸರು ಒಗ್ಗುತ್ತದೆ ಎಂದು ಲೆಕ್ಕ ಹಾಕಿದ. ಹೆಂಡತಿ ಕೇಳಿದ್ದು ಒಂದೇ ಪ್ರಶ್ನೆ. ಇದೇ ಹೆಸರನ್ನು ಪಕ್ಕದ ಹಾಸಿಗೆಯವನು ಕೊಂಡುಬಿಟ್ಟರೆ ಈ ಸಾಹುಕಾರರಿಗೆ ಎಷ್ಟು ಹೊಟ್ಟೆ ಉರಿಯುತ್ತದೆ? ಮಾಮ ಆ ದೃಷ್ಟಿಯಿಂದ ಯೋಚಿಸಿಯೇ ಇರಲಿಲ್ಲ. ಕೊನೆಗೆ ಮೂರು ಲಕ್ಷ ಎಂಬಲ್ಲಿಗೆ ಬಂದು ನಿಂತ.

ಕಾಗದದ ಮೇಲೆ ಮೂರು ಲಕ್ಷ ಸುಲಭವಾಗಿ ಬಂತು. ಬಾಯಲ್ಲಿ ಬರಲಿಲ್ಲ. ಕನ್ನಡಿಗೆ ಹೇಳಿ ನೋಡಿದ, ನಲ್ಲಿಗೆ ಹೇಳಿ ನೋಡಿದ. ಮನೆಯಲ್ಲೇ ಇದ್ದ ತನ್ನ ತಾಯಿಯನ್ನು ಗಿರಾಕಿಯಂತೆ ಕೂರಿಸಿ ಅಭ್ಯಾಸ ಮಾಡೋಣವೆಂದು ಹೆಂಡತಿ ಹೇಳಿದಳು. ಅತ್ತೆ ಸೆರಗು ಸರಿಮಾಡಿಕೊಂಡು ಕುರ್ಚಿಯಲ್ಲಿ ಸಾಹುಕಾರರಾಗಿ ಕೂತರು.

"ಮೂರು ಲಕ್ಷ" ಎಂದ ಮಾಮ.

"ಯಾತಕ್ಕೆ ಅಳಿಯಂದಿರೇ?"

"ಹೆಸರಿಗೆ, ಅತ್ತೆ."

"ಬರೀ ಹೆಸರಿಗಾ? ಈ ಮನೇಲಿ ಹುಟ್ಟಿದ ಅಷ್ಟೂ ಮಕ್ಕಳಿಗೆ ನಾನೇ ಹೆಸರಿಟ್ಟಿದ್ದು. ಒಬ್ರ ಹತ್ರಾನೂ ಬಿಡಿಗಾಸು ತಗೊಂಡಿಲ್ಲ."

ಇಷ್ಟು ಹೇಳಿ ಅತ್ತೆ ಸುಮ್ಮನೆ ಅವನನ್ನೇ ನೋಡುತ್ತಾ ಕೂತರು. ಮಾಮ ಬೆವರು ಒರೆಸಿಕೊಂಡ. "ಹೋಗ್ಲಿ, ಎರಡೂವರೆ ಕೊಡಿ" ಎಂದುಬಿಟ್ಟ. ಕೊಳ್ಳುವ ಯೋಚನೆಯೇ ಇಲ್ಲದ ಸ್ವಂತ ಅತ್ತೆಗೆ, ಕ್ಷಣ ಮಾತ್ರದಲ್ಲಿ ಅರ್ಧ ಲಕ್ಷ ಕಳೆದಿದ್ದ.

ಆಗ ಹೆಂಡತಿ ತನ್ನ ಕಸುಬಿನ ಗುಟ್ಟು ಬಿಚ್ಚಿದಳು. ಅವಳು ಬಟ್ಟೆಯ ಅಳತೆ ಸರಿಮಾಡುವಾಗ ಗುಂಡುಸೂಜಿಗಳನ್ನು ತುಟಿಯ ನಡುವೆ ಕಚ್ಚಿಕೊಳ್ಳುತ್ತಿದ್ದುದು ಎಲ್ಲರಿಗೂ ಗೊತ್ತು. ಕೈ ಖಾಲಿಯಿಲ್ಲದ್ದಕ್ಕೆ ಹಾಗೆಂದು ಮಾಮ ತಿಳಿದಿದ್ದ.

"ಅಲ್ಲ. ಕೂಲಿ ಎಷ್ಟು ಅಂತ ಹೇಳಿದ ಕೂಡ್ಲೇ ಸೂಜಿ ಕಚ್ಕೊಂಡ್ಬಿಡ್ತೀನಿ. ಬಾಯಲ್ಲಿ ಸೂಜಿ ಇದ್ರೆ ಮಾತಾಡಕ್ಕಾಗತ್ತಾ? ಅವ್ರೇ ಜಾಸ್ತಿ ಅಂತಾರೆ, ಅವ್ರೇ ಈಗ ಎಲ್ಲಾ ಕಡೆ ಜಾಸ್ತಿನೇ ಅಂತಾರೆ, ಅವ್ರೇ ಆಯ್ತು ಹೊಲೀರಿ ಅಂತಾರೆ."

ಮಾಮನ ಬಾಯಿಗೆ ಸೂಜಿ ಕೊಡುವುದು ಬೇಡ, ಮಾತು ನುಂಗಲಾರದವನು ಸೂಜಿ ನುಂಗಿಯಾನು ಎಂದು ಅತ್ತೆ ಅಡ್ಡ ಬಂದರು. ನೀರು ಎಂದು ತೀರ್ಮಾನವಾಯಿತು. ಬೆಲೆ ಹೇಳಬೇಕು, ಲೋಟ ಎತ್ತಬೇಕು, ಬಾಯ್ತುಂಬ ನೀರು ತುಂಬಿಕೊಂಡು ಹಾಗೇ ಕೂರಬೇಕು.

ಸಾಹುಕಾರರು ಹೇಳಿದ ದಿನವೇ ಬಂದರು. ದಪ್ಪ ಮೈ, ಇಸ್ತ್ರಿ ಮಾಡಿದ ಬಿಳಿ ಅಂಗಿ. ಕುರ್ಚಿಯಲ್ಲಿ ಕೂರುವ ಮುಂಚೆ ಅದರ ಮೆತ್ತೆಯನ್ನು ಹೆಬ್ಬೆರಳಿನಿಂದ ಎರಡು ಸಲ ಒತ್ತಿ ನೋಡಿ ಮುಖ ಸೊಟ್ಟಗೆ ಮಾಡಿದರು. ಮಾಮ ಗೋಡೆಗೊರಗಿಸಿದ್ದ ಸ್ಟೂಲ್ ಎಳೆದುಕೊಂಡು, ತೆರೆಯ ಮೇಲೆ ಹೆಸರನ್ನು ತೋರಿಸಿದ. ಅವರು ಮುಂದೆ ಬಾಗಿ, ಹಿಂದೆ ಸರಿದು, ಬಟ್ಟೆಯಂಗಡಿಯಲ್ಲಿ ಬಣ್ಣ ನೋಡುವವರಂತೆ ನೋಡಿದರು. ಆಮೇಲೆ ಎಷ್ಟು ಎಂದರು.

"ಮೂರು ಲಕ್ಷ" ಎಂದ ಮಾಮ. ದನಿ ಕೀರಲಾಗಿತ್ತು, ಆದರೆ ಬಂತು. ಕೂಡಲೇ ಲೋಟ ಎತ್ತಿ ಬಾಯಿ ತುಂಬಿಕೊಂಡ.

ಸಾಹುಕಾರರು ಹೆಚ್ಚಾಯಿತು ಎಂದರು. ಮಾಮನ ಎರಡೂ ಕೆನ್ನೆ ಉಬ್ಬಿದ್ದವು, ಉತ್ತರವಿಲ್ಲ. ಅವರು ಒಂದು ಲಕ್ಷ ಎಂದರು. ಮೌನ. ಹತ್ತಿ, ದಾರ, ರಬ್ಬರು ಎಲ್ಲದರ ಬೆಲೆ ಏರಿದೆ ಎಂದು ಬಹಳ ಹೊತ್ತು ವಿವರಿಸಿ, ತಮ್ಮ ಮಾತು ತಮಗೇ ಸಾಕಾಗಿ, ಒಂದೂವರೆ ಎಂದರು. ಮಾಮನಿಗೆ ಉಸಿರು ಕಟ್ಟಿ ಕಣ್ಣಲ್ಲಿ ನೀರು ತುಂಬಿತು. ಮಗಳನ್ನು ಕಳಿಸಿಕೊಡುವ ತಂದೆಯ ಸಂಕಟ ಇದೆಂದು ಸಾಹುಕಾರರಿಗೆ ಕಂಡಿರಬೇಕು. ದನಿ ತಗ್ಗಿಸಿ ಎರಡು ಎಂದರು. ಅವರ ಕಷ್ಟ ನೋಡಲಾರದೆ, ಸಾಕು ಸ್ವಾಮಿ, ಏರಿಸಬೇಡಿ ಎನ್ನುವಂತೆ ಮಾಮ ತಲೆಯಲ್ಲಾಡಿಸಿದ. ಎರಡು ಬೇಡವೆನ್ನುತ್ತಿದ್ದಾನೆಂದು ತಿಳಿದು ಅವರು ಎರಡೂವರೆ ಎಂದರು.

ಅಷ್ಟಕ್ಕೆ ನೀರು ದಾರಿ ತಪ್ಪಿತು. ಮಾಮ ಕೆಮ್ಮಿದ ರಭಸಕ್ಕೆ ಬಾಯಲ್ಲಿದ್ದಷ್ಟೂ ನೀರು ಸಾಹುಕಾರರ ಬಿಳಿ ಅಂಗಿಯ ಮೇಲೂ, ಅವರು ತಂದಿದ್ದ ಚೀಲದ ಮೇಲೂ ಹೋಗಿ ಬಿತ್ತು.

ಸದ್ದು ಕೇಳಿ ಹೆಂಡತಿ ಟವೆಲ್ ಹಿಡಿದು ಮೆಟ್ಟಿಲೇರಿ ಬಂದಳು. ಮಾಮನಿಗೆ ಕೆಮ್ಮಿನ ಹಿಂದೆಯೇ ಕ್ಷಮೆಗಳು ಸಾಲುಗಟ್ಟಿ ಬರುತ್ತಿದ್ದವು. ಕ್ಷಮೆಗಳ ಹಿಂದೆ ಏನು ಬರುತ್ತದೆಂದು ಗಂಡ ಹೆಂಡತಿ ಇಬ್ಬರಿಗೂ ಗೊತ್ತಿತ್ತು. "ತಪ್ಪಾಯ್ತು ಸಾರ್, ಅಂಗಿ ಹಾಳಾಯ್ತು, ಬೆಲೇಲಿ..." ಎಂದು ಶುರುಮಾಡಿದ.

ಶುರುಮಾಡಿದವನು ನಿಲ್ಲಿಸಿದ. ಸಾಹುಕಾರರು ಕೈಯಲ್ಲಿ ಟವೆಲ್ ಹಿಡಿದಿದ್ದರು, ಆದರೆ ಅಂಗಿ ಒರೆಸಿಕೊಳ್ಳುತ್ತಿರಲಿಲ್ಲ. ಚೀಲದಿಂದ ಒಂದು ಕಟ್ಟು ಚೀಟಿ ತೆಗೆದು, ಅದರ ಮೇಲಿನ ಹನಿಗಳನ್ನು ಮಗುವಿನ ಮುಖ ಒರೆಸಿದಂತೆ ಒರೆಸುತ್ತಿದ್ದರು. ಹಾಸಿಗೆಯ ಮೂಲೆಗೆ ಹೊಲಿಯುವ ಬಟ್ಟೆಯ ಚೀಟಿಗಳು ಅವು. ನೀಲಿ ದಾರದಲ್ಲಿ, ಚಂದದ ಅಕ್ಷರದಲ್ಲಿ, ಒಂದೊಂದರ ಮೇಲೂ 'ಒಳ್ಳೆನಿದ್ದೆ' ಎಂದಿತ್ತು. ಈ ಮನುಷ್ಯ ಹೆಸರು ಕೊಳ್ಳುವ ಮುಂಚೆಯೇ ಚೀಟಿ ಹೊಲಿಸಿಬಿಟ್ಟಿದ್ದ.

ಮಾಮ ಗಂಟಲು ಸರಿಮಾಡಿಕೊಂಡ.

"ಅಂಗಿ ಬೇರೆ, ಹೆಸರು ಬೇರೆ ಸಾರ್" ಎಂದ. "ಅಂಗಿ ಹಾಳಾಗಿದ್ದಕ್ಕೆ ಹೊಸ ಅಂಗಿ ಹೊಲ್ಸಿ ಕೊಡ್ತೀವಿ. ಹೆಸರಿಗೆ ಮೂರೇ."

ಹೇಳಿ, ಬಾಯಲ್ಲಿ ಏನೂ ಇಲ್ಲದೆ, ಸುಮ್ಮನೆ ಕೂತ.

ಸಾಹುಕಾರರು ಚೀಟಿಗಳನ್ನು ನೋಡಿದರು, ಒದ್ದೆ ಅಂಗಿ ನೋಡಿಕೊಂಡರು. "ಮೂರು, ಮತ್ತೆ ಅಂಗಿ. ಬಟ್ಟೆ ಒಳ್ಳೇದಿರ್ಬೇಕು" ಎಂದರು.

"ಬಟ್ಟೆ ನೀವು ತರ್ಬೇಕು" ಎಂದಳು ಬಾಗಿಲಲ್ಲಿದ್ದ ಹೆಂಡತಿ. "ಹೊಲಿಗೆ ನಮ್ದು."

ಸಾಹುಕಾರರು ಇಬ್ಬರನ್ನೂ ನೋಡಿ, ಇಷ್ಟು ಹೊತ್ತು ತಾವು ಯಾರ ಜೊತೆ ವ್ಯಾಪಾರ ಮಾಡಿದೆವೆಂದು ಯೋಚಿಸುವವರಂತೆ ತಲೆದೂಗಿ, ಒಪ್ಪಿದರು. ಹಣವನ್ನು ನಡುವಿನ ಒಂದು ಸಂಸ್ಥೆಯಲ್ಲಿ ಇಡುವುದು, ಹೆಸರು ಅವರಿಗೆ ವರ್ಗವಾದ ಮೇಲೆ ಅದು ಮಾಮನಿಗೆ ಬರುವುದು ಎಂದು ಮಾತಾಯಿತು.

ಅವರು ಅಳತೆ ಕೊಟ್ಟು ಹೋದ ಮೇಲೆ ಮಾಮ ಮೆಟ್ಟಿಲ ಮೇಲೆ ನಿಂತು, ಅಂಗಿಯ ಹೊಲಿಗೆ ಕೂಲಿಯನ್ನು ಬೆಲೆ ಇಳಿಸಿದ ಲೆಕ್ಕಕ್ಕೆ ಹಿಡಿಯಬೇಕೇ ಎಂದು ಅಳುಕುತ್ತಾ ಕೇಳಿದ. ಹೆಂಡತಿ ಹಜಾರದ ಮೂಲೆಯಲ್ಲಿದ್ದ ದೊಡ್ಡ ಕಪಾಟಿನ ಅಗಲವನ್ನು ಟೇಪಿನಲ್ಲಿ ಎರಡು ಸಲ ಅಳೆದಳು.

"ಇದನ್ನ ಅಮ್ಮನ ಕೋಣೆಗೆ ಸರಿಸಿದ್ರೆ ಇಲ್ಲೇ ಎರಡು ಮೆಷಿನ್ ಹಿಡಿಯತ್ತೆ" ಎಂದಳು. "ಬನ್ನಿ, ಆ ಕಡೆಯಿಂದ ನೂಕಿ."

ಮಾಮ ಓಡಿಬಂದು ಹೆಗಲು ಕೊಟ್ಟ. ಕೋಣೆಯೊಳಗಿಂದ ಅತ್ತೆ, ಕಪಾಟಿಗೆ ತಮ್ಮ ಕೋಣೆಯಲ್ಲಿ ಬಾಡಿಗೆ ಎಷ್ಟು ಕೊಡುತ್ತೀರಿ ಎಂದು ಕೂಗಿ ಕೇಳಿದರು. ಕಪಾಟು ನೂಕುತ್ತಿದ್ದ ಮಾಮ ಬಾಯಿ ಬಿಡಲಿಲ್ಲ.