ಬೆನ್ನ ಹಿಂದಿನ ಗೋಲು

ಹಳೇ ಪೇಪರ್, ತಗಡು, ಬಾಟ್ಲಿ ಕೊಳ್ಳುವ ಗುಜರಿ ಗಾಡಿಯವನನ್ನು ಬೀದಿಯವರೆಲ್ಲ ಕಹಳೆ ಎಂದೇ ಕರೆಯುತ್ತಿದ್ದರು. ಗಾಡಿ ಇನ್ನೂ ತಿರುವಿನಲ್ಲಿರುವಾಗಲೇ ಅವನ ಕೂಗು ಮಹಡಿ ಹತ್ತಿ, ಆಗಷ್ಟೇ ಮಲಗಿದ ಕೂಸುಗಳನ್ನು ಎಬ್ಬಿಸುತ್ತಿತ್ತು. ತಾಯಂದಿರ ಶಾಪ ತಟ್ಟುವಂತಿದ್ದರೆ ಅವನು ಎಂದೋ ಮೂಗನಾಗಬೇಕಿತ್ತು.

ಆ ಗಂಟಲಿಗೆ ಮರ್ಯಾದೆ ಸಿಗುತ್ತಿದ್ದದ್ದು ಒಂದೇ ಕಡೆ, ಊರಿನ ಫುಟ್‌ಬಾಲ್ ಮೈದಾನದಲ್ಲಿ. ಸಿಮೆಂಟ್ ಮೆಟ್ಟಿಲ ಮೇಲೆ ನಿಂತು ಅವನು ಒಮ್ಮೆ ಕೂಗಿದರೆ ಸಾವಿರ ಜನ ದನಿಗೂಡಿಸುತ್ತಿದ್ದರು. ತಂಡ ಮಾತ್ರ ಫೈನಲಿನ ಮುಖವನ್ನೇ ಕಂಡಿರಲಿಲ್ಲ. "ಫೈನಲಲ್ಲಿ ನಮ್ಮವರು ಹೊಡೆಯೋ ಒಂದು ಗೋಲು ಕಣ್ಣಾರೆ ನೋಡ್ಬಿಟ್ರೆ ಸಾಕು ಕಣೆ," ಎಂದು ಹೆಂಡತಿಯ ಮುಂದೆ ಹೇಳುತ್ತಲೇ ಇದ್ದ.

ಆಮೇಲೆ ತಂಡವನ್ನು ಹೊಸ ಧಣಿಗಳು ಕೊಂಡರು. ಮೆಟ್ಟಿಲು ಹೋಗಿ ಮೆತ್ತನೆಯ ಕುರ್ಚಿಗಳು ಬಂದವು. ಟಿಕೆಟ್ ದರ ಅವನ ಮನೆ ಬಾಡಿಗೆಯಷ್ಟಾಯಿತು. ಕಹಳೆ ಹೊರಗುಳಿದ. ಒಳಗೆ ಬಂದವರೋ ಬಲು ನಾಜೂಕಿನವರು. ತಿನ್ನುವುದು, ತಮ್ಮ ಫೋಟೊ ತಾವೇ ತೆಗೆದುಕೊಳ್ಳುವುದು ಬಿಟ್ಟು ಬೇರೆ ಗದ್ದಲ ಅರಿಯರು. ಹಲ್ಲಿದ್ದವನಿಗೆ ಕಡಲೆಯಿಲ್ಲ, ಕಡಲೆಯಿದ್ದವನಿಗೆ ಹಲ್ಲಿಲ್ಲ. ಟೀವಿಯಲ್ಲಿ ಮೈದಾನ ಸಾವಿನ ಮನೆಯಂತೆ ಕಾಣತೊಡಗಿದಾಗ ಧಣಿಗಳಿಗೆ ಗಾಬರಿಯಾಯಿತು.

ಆ ವರ್ಷವೇ ತಂಡ ಫೈನಲಿಗೆ ಬಂತು. ತಂಡದ ಮ್ಯಾನೇಜರ್ ಕಹಳೆಯ ಮನೆ ಹುಡುಕಿಕೊಂಡು ಬಂದ.

"ನೀವು ಬಂದು ಜನರ ಕೈಲಿ ಕೂಗಿಸ್ಬೇಕು. ಟಿಕೆಟ್ ಬೇಡ, ಕೂಲಿ ನಾವೇ ಕೊಡ್ತೀವಿ."

"ಕೂಲಿ ಯಾಕೆ ಸಾರ್, ಮ್ಯಾಚ್ ನೋಡೋಕೆ ಬಿಟ್ರೆ ಸಾಕು," ಎಂದ ಕಹಳೆ. ಹೆಂಡತಿ ಪಕ್ಕೆ ತಿವಿದಳು.

ಕೆಲಸದ ಮರ್ಮ ಗೊತ್ತಾದದ್ದು ಮೈದಾನದಲ್ಲಿ. ಗೆರೆಯಾಚೆ ಒಂದು ಸ್ಟೂಲು. ಮುಖ ಕುರ್ಚಿಗಳ ಕಡೆ, ಬೆನ್ನು ಆಟದ ಕಡೆ. ತಿರುಗಿದರೆ ಕೂಲಿಯೂ ಇಲ್ಲ, ಜಾಗವೂ ಇಲ್ಲ. ದೇವರು ಕೊಟ್ಟರೂ ಪೂಜಾರಿ ಕೊಡ ಎಂದು ಗೊಣಗುತ್ತ ಹತ್ತಿ ನಿಂತ. ಅವನು ಕೈ ಎತ್ತಿದಾಗ ಕುರ್ಚಿಯವರು ಕೂಗಬೇಕು, ಇಳಿಸಿದಾಗ ತಿನ್ನಬಹುದು. ಪಾಪ, ಬೇಗ ಕಲಿತರು. ಆಟ ಹೇಗೆ ಸಾಗಿದೆಯೆಂದು ಅವನು ಅವರ ಮುಖ ನೋಡಿ ತಿಳಿಯುತ್ತಿದ್ದ. ಯಾವಾಗ ಕೂಗಬೇಕೆಂದು ಅವರು ಅವನ ಕೈ ನೋಡಿ ತಿಳಿಯುತ್ತಿದ್ದರು.

ಆಟ ಮುಗಿಯಲು ಬಂದಾಗ ನಮ್ಮವರು ಗೋಲು ಹೊಡೆದರು. ಕುರ್ಚಿಯವರು ಅವನ ಕೈಯನ್ನೇ ನೋಡುತ್ತ ಕೂತರು. ಅವನು ಅವರ ಮುಖವನ್ನೇ ನೋಡುತ್ತ ನಿಂತ. ಯಾರೂ ತುಟಿ ಬಿಚ್ಚಲಿಲ್ಲ. ಗೋಲು ಹೊಡೆದ ಆಟಗಾರ ಕುಣಿಯುತ್ತ ಬಂದವನು, ತನ್ನಿಂದ ಏನೋ ತಪ್ಪಾಯಿತೆಂದು ರೆಫರಿಯತ್ತ ತಿರುಗಿದ.

"ಗೋಲು ಕಣೋ! ಕೈ ಎತ್ತೋ!" ಎಂದು ಮ್ಯಾನೇಜರ್ ಕಿರುಚಿದಾಗಲೇ ಕಹಳೆ ಹಿಂದೆ ನೋಡಿದ್ದು. ಚೆಂಡು ಆಗಲೇ ನಡುಗೆರೆಗೆ ವಾಪಸ್ ಹೊರಟಿತ್ತು.

ಮನೆಗೆ ಬಂದರೆ ಹೆಂಡತಿಯ ಗಂಟಲು ಕಟ್ಟಿತ್ತು. ಪಕ್ಕದ ಮನೆಯ ಟೀವಿ ಮುಂದೆ ಅಷ್ಟು ಕೂಗಿದ್ದಳು.

"ಏನ್ ಗೋಲು ರೀ ಅದು! ನಿಮಗಂತೂ ಕೈಗೆಟುಕೋ ಹಾಗೆ ಕಂಡಿರ್ಬೇಕು!"

ಕಹಳೆಗೆ ಅಳುವೇ ಬಂತು. ಅವಳೆದುರು ನೆಲದ ಮೇಲೆ ಕೂತ.

"ಹೇಗೆ ಹೊಡೆದ್ರು ಕಣೆ?" ಎಂದು ಕೇಳಿದ. "ಮೊದಲಿಂದ ಹೇಳು."